ದುಗ್ಗಪ್ಪ ಕೊಟ್ಟ ನಿನ್ನೆಯ ಮಣ್ಣು

ಮಕ್ಕಳೇ, ಕಂಪ್ಯೂಟರಿನಲ್ಲಿ ನೀವು ನೋಡುವ ಪುಟಗಳನ್ನು ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟ ಹಾಗೆ ಕಟ್ಟಿರುತ್ತಾರೆ. ಹೊರಗಿನ ಪೆಟ್ಟಿಗೆ ಏನು ಕೊಡುತ್ತದೋ ಒಳಗಿನದಕ್ಕೆ ಅಷ್ಟೇ ಗೊತ್ತು. ಇರುವೆಗಳು ಈ ಜಾಣತನವನ್ನು ಎಂದೋ ಕಲಿತಿದ್ದವು. ಅದನ್ನು ಒಬ್ಬ ಸೋಮಾರಿ ಹೇಗೆ ಕೆಡಿಸಿದ, ಕೇಳಿ.

ಕೆರೆ ಏರಿಯ ಹೊಂಗೆ ಮರದ ಬುಡದಲ್ಲಿ ಒಂದು ಇರುವೆ ಗೂಡಿತ್ತು. ಅದರಲ್ಲಿ ಮೂರು ಕೋಣೆ, ಒಂದರೊಳಗೆ ಒಂದು. ಹೊರಬಾಗಿಲು ಕಾಯುವವಳು ಬಸಕ್ಕ. ನಡುವಿನ ಉಗ್ರಾಣ ದುಗ್ಗಪ್ಪನದು. ಎಲ್ಲಕ್ಕೂ ಒಳಗೆ ಮೊಟ್ಟೆಗಳ ಕೋಣೆ, ಅಲ್ಲಿ ಸಣ್ಣವ್ವ. ತಮ್ಮ ಕೋಣೆ ಬಿಟ್ಟು ಯಾರೂ ಇನ್ನೊಂದಕ್ಕೆ ಕಾಲಿಡುವಂತಿರಲಿಲ್ಲ. ಎಲ್ಲರೂ ಎಲ್ಲ ಕಡೆ ನುಗ್ಗಿದರೆ ಮೊಟ್ಟೆಗಳು ತುಳಿತಕ್ಕೆ ಸಿಗುತ್ತವೆ ಎಂದು ಹಿರಿಯರು ಮಾಡಿದ ಕಟ್ಟಳೆ.

ದಿನಾ ಬೆಳಿಗ್ಗೆ ಬಸಕ್ಕ ಒಂದು ಎಲೆಯ ಪೊಟ್ಟಣ ಒಳಗೆ ಕೊಡುತ್ತಿದ್ದಳು. ಮೇಲೆ ಉಗ್ರಾಣದ ಕಾಳು, ತಳದಲ್ಲಿ ಸಣ್ಣವ್ವನಿಗೆಂದು ಕೆರೆಯಂಚಿನ ಒಂದು ಚಿಟಿಕೆ ಮಣ್ಣು. ಮಣ್ಣು ಒಣಗಿದ್ದರೆ ಮೊಟ್ಟೆಗಳು ತಂಪಾದ ಗುಂಡಿಯಲ್ಲೇ ಇರುತ್ತಿದ್ದವು. ಒದ್ದೆಯಾಗಿದ್ದರೆ ನೀರು ಏರುತ್ತಿದೆ ಎಂದರ್ಥ, ಆಗ ಸಣ್ಣವ್ವ ಅವನ್ನು ಅದೇ ಕೋಣೆಯ ಮೇಲಿನ ಅಟ್ಟಕ್ಕೆ ಸಾಗಿಸಬೇಕು. ದುಗ್ಗಪ್ಪನ ಕೆಲಸ ಕಾಳು ಇಳಿಸಿಕೊಂಡು ಮಣ್ಣನ್ನು ದಾಟಿಸುವುದು, ಅಷ್ಟೇ.

ಅಷ್ಟೂ ಅವನಿಗೆ ಭಾರವಾಯಿತು. ತಿನ್ನಲಿಕ್ಕೂ ಬಾರದ ಮಣ್ಣಿನ ಉಸಾಬರಿ ನನಗೇಕೆ ಎಂದು ಗೊಣಗುತ್ತಿದ್ದ. ಹತ್ತು ದಿನ ಒಣಮಣ್ಣೇ ಬಂತು. ಹತ್ತನೆಯ ದಿನ ಅದರಲ್ಲಿ ಅರ್ಧ ಉಳಿಸಿಕೊಂಡ. ನಾಳೆ ಇದನ್ನೇ ಕೊಟ್ಟರಾಯಿತು, ಕಾಳನ್ನು ನಿದ್ದೆ ಮುಗಿಸಿ ಇಳಿಸಿಕೊಳ್ಳೋಣ ಎಂದು ಅವನ ಲೆಕ್ಕಾಚಾರ.

ಮರುದಿನ ಬಸಕ್ಕ ಪೊಟ್ಟಣ ಕೊಡುತ್ತಾ, "ಇವತ್ತಿನದು ಬೇಗ ಒಳಗೆ ಹೋಗಲಿ, ದುಗ್ಗಪ್ಪ" ಎಂದಳು.

"ಆಯ್ತಕ್ಕ" ಎಂದ ದುಗ್ಗಪ್ಪ. ಪೊಟ್ಟಣವನ್ನು ಮೂಲೆಗಿಟ್ಟ. ನಿನ್ನೆಯ ಮಣ್ಣನ್ನು ಸಣ್ಣವ್ವನ ಬಾಗಿಲಲ್ಲಿ ಕೊಟ್ಟು ಗಡದ್ದಾಗಿ ಮಲಗಿದ. ಸಣ್ಣವ್ವ ಮಣ್ಣು ಮುಟ್ಟಿ ನೋಡಿ, ಮೊಟ್ಟೆಗಳನ್ನು ಗುಂಡಿಯಲ್ಲೇ ಬಿಟ್ಟಳು.

ಮಧ್ಯಾಹ್ನ ಗುಂಡಿಯ ತಳದಿಂದ ನೀರು ಜಿನುಗಿತು. ಸಣ್ಣವ್ವ ಒಂದೊಂದೇ ಮೊಟ್ಟೆ ಕಚ್ಚಿಕೊಂಡು ಅಟ್ಟಕ್ಕೆ ಓಡಿದಳು. ಅರ್ಧ ಉಳಿಯಿತು. ಇನ್ನರ್ಧ ಅವಳ ಕಣ್ಣೆದುರೇ ನೀರುಪಾಲಾಯಿತು.

ಗದ್ದಲಕ್ಕೆ ಎಚ್ಚೆತ್ತ ದುಗ್ಗಪ್ಪ ಒಳಬಾಗಿಲಿಗೆ ಬಂದು, ಬೆಳಿಗ್ಗೆಯೇ ಸಾಗಿಸಬಾರದಿತ್ತೇ ಎಂದು ಅವಳನ್ನೇ ಗದರಿದ.

ಸಣ್ಣವ್ವ ಏದುಸಿರು ಬಿಡುತ್ತಿದ್ದಳು. "ನಾನು ಕೆರೆ ಕಂಡವಳಲ್ಲ ಅಣ್ಣ. ನೀನು ಕೊಟ್ಟ ಮಣ್ಣು ಕಂಡವಳು. ಅದು ಒಣಗಿತ್ತು."

ದುಗ್ಗಪ್ಪ ಹಿಂದಿರುಗಿ ಮೂಲೆಯ ಪೊಟ್ಟಣ ಬಿಚ್ಚಿದ. ಕಾಳು ಸರಿಸಿ ತಳದ ಮಣ್ಣು ಮುಟ್ಟಿದ. ಅದು ಇನ್ನೂ ಒದ್ದೆಯಾಗಿತ್ತು.

ನೀತಿ: ನಿನ್ನ ಕೈಯಿಂದ ದಾಟಬೇಕಾದದ್ದು ನಿನಗೆ ಬೇಡದ್ದಾದರೂ, ಬಂದದ್ದನ್ನು ಬಂದಂತೆಯೇ ದಾಟಿಸು, ಒಳಗಿರುವವರಿಗೆ ಲೋಕವೆಂದರೆ ನೀನು ಕೊಟ್ಟಷ್ಟೇ.