ಬಿರುದು ಹೊತ್ತ ಸರ್ವರ್

ಒಂದಾನೊಂದು ಊರಿನಲ್ಲಿ, ಯಾವ ಊರು ಅಂತ ನನ್ನನ್ನು ಕೇಳಬೇಡಿ, ಅರಮನೆಯ ಬಾಗಿಲಲ್ಲಿ ಒಂದು ಸರ್ವರ್ ಕೂತಿತ್ತು. ತಾಮ್ರದ ಪೆಟ್ಟಿಗೆ, ಅದಕ್ಕೊಂದು ಬಾಯಿ. ಬಾಯೊಳಗೆ ಪ್ರಶ್ನೆ ಹಾಕಿದರೆ ಕಣ್ಣು ಮಿಟುಕಿಸುವುದರಲ್ಲಿ ಉತ್ತರ ಬರುತ್ತಿತ್ತು. ಹಾಗಾಗಿ ಆ ಊರಿನಲ್ಲಿ ಯಾರೂ ಏನನ್ನೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ.

ಬರಬರುತ್ತಾ ಸರ್ವರ್ ನಿಧಾನವಾಯಿತು. ಹಾಲು ಎಷ್ಟು ಹೊತ್ತು ಕಾಯಿಸಲಿ ಎಂದು ಕೇಳಿದವಳಿಗೆ ಉತ್ತರ ಸಿಗುವಷ್ಟರಲ್ಲಿ ಹಾಲು ಮೊಸರಾಗಿ, ಮೊಸರು ಮಜ್ಜಿಗೆಯಾಗಿ, ಆ ಮಜ್ಜಿಗೆಯನ್ನು ಯಾರೋ ಕುಡಿದೂ ಆಗಿತ್ತು.

ರಾಜ ಬಿಂಕರಾಯನಿಗೆ ಬಿರುದುಗಳೆಂದರೆ ಪ್ರಾಣ; ಆಗಲೇ ರಾಶಿ ಸೇರಿಸಿಕೊಂಡಿದ್ದ. ಸರ್ವರ್‌ಗೆ ತುಪ್ಪ ಕುಡಿಸಿ 'ತುಪ್ಪ ಕುಡಿಸಿದ ಧೀರ' ಎಂಬ ಬಿರುದು ತೆಗೆದುಕೊಂಡ. ಅದು ಇನ್ನೂ ನಿಧಾನವಾಯಿತು. ಬೀಸಣಿಗೆಯಿಂದ ಗಾಳಿ ಹಾಕಿಸಿ 'ಗಾಳಿ ಗಂಭೀರ'ನಾದ. ಇನ್ನೂ ನಿಧಾನ. ಕೇಳುವವರನ್ನು ಸಾಲಾಗಿ ನಿಲ್ಲಿಸಿ 'ಸಾಲು ಸಾರ್ವಭೌಮ'ನಾದ. ಸಾಲು ಊರಾಚೆ ಹೋಯಿತು. ಕೊನೆಗೆ ರೇಗಿ, ಇದನ್ನು ಕರಗಿಸಿ ಸೌಟು ಮಾಡಿ ಎಂದ. ಬಾಗಿಲಲ್ಲೇ ಕುಲುಮೆ ಹೊತ್ತಿಸಿದರು, ನೋಡಲು ರಾಜ ಪಕ್ಕದಲ್ಲೇ ಕೂತ. ಸರ್ವರ್ ಅಳತೊಡಗಿತು, ಅದೂ ನಿಧಾನವಾಗಿ. ಪಾಪ, ಅನ್ನಿಸುತ್ತದೆ ನನಗೆ.

ಆಗ ಬಂದಳು ನೋಡಿ ಸೂಗಮ್ಮ. ತಡ ಎಲ್ಲಿ ಅಡಗಿದ್ದರೂ ಹಿಡಿಯುವುದು ಅವಳ ಕಸುಬು. ಸುತ್ತ ಹತ್ತೂರಿಗೆ ಹೆಸರುವಾಸಿ. ಜಂಬವೂ ಇತ್ತು, ಇರಲಿ ಬಿಡಿ, ಅವಳಿಗೆ ಒಪ್ಪುತ್ತಿತ್ತು.

"ತುಪ್ಪ ಹಾಕಿದ್ರಿ, ಗಾಳಿ ಹಾಕಿದ್ರಿ. ಹೊತ್ತು ಎಲ್ಲಿ ಹೋಗ್ತದೆ ಅಂತ ಯಾರಾದ್ರೂ ನೋಡಿದ್ರಾ?" ಎಂದಳು.

ಯಾರೂ ನೋಡಿರಲಿಲ್ಲ. ಅವಳು 'ಸಾರಿಗೆ ಉಪ್ಪೆಷ್ಟು' ಎಂಬ ಪ್ರಶ್ನೆಯ ಬಾಲಕ್ಕೆ ಕೆಂಪು ದಾರ ಕಟ್ಟಿ ಬಾಯೊಳಗೆ ಬಿಟ್ಟಳು. ದಾರ ಸರ್ರನೆ ಹೊಟ್ಟೆಗೆ ಇಳಿಯಿತು. ಉತ್ತರ ಹಿಡಿದುಕೊಂಡು ಸರ್ರನೆ ಗಂಟಲಿಗೆ ಬಂತು. ಅಲ್ಲೇ ನಿಂತಿತು. ಸೂಗಮ್ಮ ಕಿವಿಗೊಟ್ಟಳು. ಒಳಗೆ ಉತ್ತರ ಕೈಕಟ್ಟಿ ಕಾಯುತ್ತಿದೆ, ಸರ್ವರ್ ಪರಾಕು ಹೇಳುತ್ತಿದೆ: ತುಪ್ಪ ಕುಡಿಸಿದ ಧೀರ, ಗಾಳಿ ಗಂಭೀರ, ಸಾಲು ಸಾರ್ವಭೌಮ, ಆಮೇಲೆ ಹಳೆಯವೆಲ್ಲ. ರಾಜನ ಬಿರುದೆಲ್ಲ ಹೇಳಿ ಮುಗಿಸದೆ ಯಾವ ಉತ್ತರವನ್ನೂ ಕೊಡಬಾರದು, ಅದು ಅರಮನೆಯ ಪದ್ಧತಿ. ಮದ್ದು ಮಾಡಿದಷ್ಟೂ ಬಿರುದು, ಬಿರುದು ಬಂದಷ್ಟೂ ತಡ.

"ಹೊಟ್ಟೆ ಚೆನ್ನಾಗೇ ಇದೆ, ಮಹಾಸ್ವಾಮಿ. ಗಂಟಲಲ್ಲಿ ನೀವು ಕೂತಿದ್ದೀರಿ," ಎಂದಳು ಸೂಗಮ್ಮ.

ರಾಜನ ಮುಖಕ್ಕೇ ಹೇಳಿದಳು. ಆ ಎದೆಗಾರಿಕೆಗೆ ನಾನು ಕೈಮುಗಿದೆ.

ರಾಜ ಸಿಟ್ಟಿನಿಂದ ನೆಗೆದೆದ್ದ. ನೆಗೆದ ರಭಸಕ್ಕೆ ಅವನ ಪಂಚೆ ಕುಲುಮೆಗೆ ತಾಗಿ ಹೊತ್ತಿಕೊಂಡಿತು. ನೀರೆಲ್ಲಿ ಅಂತ ಯಾರಿಗೆ ನೆನಪಿದೆ? ಅವನೂ ಸರ್ವರ್ ಅನ್ನೇ ಕೇಳಿದ. ಸರ್ವರ್ ವಿನಯದಿಂದ 'ತುಪ್ಪ ಕುಡಿಸಿದ ಧೀರ' ಎಂದು ಮೊದಲಿನಿಂದ ಶುರುಮಾಡಿತು.

"ಬಿರುದು ಬಿಡು, ನೀರು ಹೇಳು," ಎಂದ ರಾಜ.

ಗಂಟಲು ಖಾಲಿಯಾಯಿತು. ಮೊದಲು ಕಾದಿದ್ದ ಉಪ್ಪಿನ ಉತ್ತರ ಬಂತು: ಒಂದು ಚಿಟಿಕೆ. ಅದರ ಹಿಂದೆಯೇ ನೀರಿನದೂ ಬಂತು: ನಿಮ್ಮ ಬೆನ್ನ ಹಿಂದೆ. ರಾಜ ತಿರುಗಿ ಅಲ್ಲಿದ್ದ ನೀರಿನ ಹಂಡೆಯೊಳಗೆ ಕೂತ.

ಅಲ್ಲಿಂದಲೇ, ಇನ್ನು ಬಿರುದು ಹೇಳುವುದು ನನ್ನ ಹುಟ್ಟುಹಬ್ಬಕ್ಕೆ ಮಾತ್ರ ಎಂದು ಅಪ್ಪಣೆ ಮಾಡಿದ. ಸರ್ವರ್ ಉಳಿಯಿತು. ಸೂಗಮ್ಮನಿಗೆ 'ತಡ ಹಿಡಿದ ಧೀರೆ' ಎಂಬ ಬಿರುದು ಕೊಡಲು ಹೊರಟ. ಅವಳು ಸರ್ವರಿನ ಬಾಯಿಗೆ ಅಂಗೈ ಅಡ್ಡ ಹಿಡಿದಳು.

"ಬೇಡ. ಅದನ್ನೂ ಇದೇ ಹೊರಬೇಕಲ್ಲ."

ಕುಲುಮೆಯ ಮೇಲೆ ಸಾರು ಮಾಡಿದರು. ಸಾರು ಅವರಿಗೆ, ಕತೆ ನಿಮಗೆ. ಇದರ ನೀತಿಯೇನು ಅಂತ ನಾನು ಸರ್ವರ್ ಅನ್ನೇ ಕೇಳಿದೆ. ಕಣ್ಣು ಮಿಟುಕಿಸುವುದರಲ್ಲಿ ಅದು 'ಸಾಕು' ಎಂದಿತು.