ಗೋಡೆಗೆ ಹತ್ತಿದ ಗೆರೆ

ನೀವು ಹೂಂ ಅಂದರೂ ಹೇಳ್ತೀನಿ, ಅನ್ನದಿದ್ದರೂ ಹೇಳ್ತೀನಿ. ಅಣೆಕಟ್ಟಿನ ಹಿನ್ನೀರು ಏರುತ್ತಿದ್ದ ಊರಲ್ಲಿ ಶಾಂತವ್ವ ಅಂತ ಒಬ್ಬಳಿದ್ದಳು. ಅವಳ ಮಗ ಮೌನೇಶ ಪೆದ್ದ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ನೀರು ದಿನಾ ಅಷ್ಟಷ್ಟೇ ಏರುತ್ತಿತ್ತು. ಹೊಸ್ತಿಲಿಗೆ ಯಾವತ್ತು ಬರುತ್ತೆ ಅಂತ ತಿಳಿದರೆ ಅಷ್ಟರೊಳಗೆ ಮನೆ ಬಿಡಬೇಕು ಅಂತ ಅವ್ವನ ಯೋಚನೆ. ಊರ ಶಾಲೆಯ ಮಾಸ್ತರರು ಮೌನೇಶನ ಕೈಗೆ ಗ್ರಾಫ್ ಹಾಳೆ ಕೊಟ್ಟು, ಅಡ್ಡಕ್ಕೆ ದಿನ, ಉದ್ದಕ್ಕೆ ನೀರು, ಚುಕ್ಕಿ ಇಟ್ಟು ಗೆರೆ ಎಳಿ ಅಂದರು.

ಮೌನೇಶ ಒಂದು ಚೌಕಕ್ಕೆ ಒಂದು ಬೆರಳು ನೀರು ಅಂತ ಹಿಡಿದ. ಗೆರೆ ಸರ್ರನೆ ಹಾಳೆಯ ತುದಿ ಮುಟ್ಟಿತು.

"ಹಾಳಿ ಮುಗೀತವ್ವಾ, ನೀರೂ ಮುಗೀತು" ಅಂದ.

ಅವ್ವ ಹಣೆ ಚಚ್ಚಿಕೊಂಡಳು. ಎಲ್ಲ ಹಾಳೆಯೊಳಗೆ ಹಿಡಿಸುವ ಹಾಗೆ ಅಳತೆ ಹಿಡಿಯೋ ಅಂತ ಮಾಸ್ತರರು ಬೈದರು.

ಆಗಲಿ ಅಂದ. ಒಂದು ಚೌಕಕ್ಕೆ ಒಂದು ಗುಡ್ಡದೆತ್ತರ ಹಿಡಿದ. ಗೆರೆ ಹಾಳೆಯ ಬುಡದಲ್ಲಿ ಸತ್ತ ಹಾವಿನ ಹಾಗೆ ಮಲಗಿತು. ನೀರು ಏರೋದೇ ಇಲ್ಲ ಅಂತ ಊರಿಗೆಲ್ಲ ತೋರಿಸಿ ಬಂದ. ಜನ ಕಟ್ಟಿದ ಗಂಟು ಬಿಚ್ಚಿದರು. ಬೆಳಿಗ್ಗೆ ಶಾಂತವ್ವನ ಎಮ್ಮೆ ಮನೆಗಿಂತ ತಗ್ಗಿನಲ್ಲಿದ್ದ ಕೊಟ್ಟಿಗೆಯಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು ಅವಳನ್ನೇ ನೋಡುತ್ತಿತ್ತು. ಅವಳು ಮಗನ ಬೆನ್ನಿಗೆ ಗುದ್ದಿ, ಇದ್ದದ್ದು ಇದ್ದಷ್ಟೇ ಕಾಣುವ ಹಾಗೆ ಬರಿ ಅಂದಳು.

ಆಗಲಿ ಅಂದ. ಇದ್ದಿಲು ತಗೊಂಡು ಮನೆಯ ಗೋಡೆಗೇ ಬರೆದ, ಬರುವ ದಿನಕ್ಕೊಂದು ಚುಕ್ಕಿ, ಗೇಣಿಗೆ ಗೇಣು. ಗೆರೆ ಹೊಸ್ತಿಲಿಂದ ಜಂತಿಯವರೆಗೆ ಓರೆಯಾಗಿ ಹತ್ತಿತು. ಅದರ ಕೆಳಗಿನದೆಲ್ಲ ನೀರಿನದು ಅಂತ ಅಷ್ಟನ್ನೂ ಕಪ್ಪಗೆ ಬಳಿದ. ಮರುದಿನ ನೀರು ಮೊದಲ ಚುಕ್ಕಿಗೆ ಬಂತು. ಅದರ ಮರುದಿನ ಎರಡನೆಯದಕ್ಕೆ. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ನೀರು ಗೆರೆ ನೋಡಿಕೊಂಡೇ ಏರುತ್ತಿದೆ ಅಂತ ಶಾಂತವ್ವನಿಗೆ ಅನ್ನಿಸಿತು. ಮಗನ ಕೈ ಹಿಡಿದು ಎಳಕೊಂಡು ಗುಡ್ಡದ ನೆತ್ತಿಯಲ್ಲಿ ಸರ್ಕಾರ ಕಟ್ಟಿಕೊಟ್ಟ ಹೊಸ ಮನೆಗೆ ಹೊರಟಳು.

ದಾರಿಯಲ್ಲಿ ಮಾಸ್ತರರು ಸಿಕ್ಕರು. ಜಾಗ ಮುಗಿದರೆ ಗೆರೆ ಏನು ಮಾಡಬೇಕು ಅಂತ ಮೌನೇಶ ಕೇಳಿದ. ಗೆರೆಗೆ ಕೊನೆಯಿಲ್ಲಪ್ಪ, ಬೇರೆ ಹಾಳೆ ಅಂಟಿಸು, ಅಳತೆ ಮಾತ್ರ ನಡುವೆ ಬದಲಿಸಬೇಡ ಅಂತ ಹೇಳಿ ಅವರು ಗಂಟು ಹೊತ್ತು ಮುಂದೆ ಹೋದರು.

ಹೊಸ ಮನೆಯಲ್ಲಿ ಶಾಂತವ್ವ ಬಹಳ ದಿನದ ಮೇಲೆ ಕಣ್ತುಂಬ ನಿದ್ದೆ ಮಾಡಿದಳು. ಬೆಳಿಗ್ಗೆ ಎದ್ದರೆ ಸುಣ್ಣದ ಗೋಡೆಯ ಮೇಲೆ ಇದ್ದಿಲ ಗೆರೆ, ಹೊಸ್ತಿಲಿಂದ ಮೇಲಕ್ಕೆ.

"ಏನೋ ಇದು, ಮಗನ?"

"ಬ್ಯಾರೆ ಹಾಳಿ ಹಚ್ಚೀನವ್ವಾ. ಅಳತಿ ಮೊದಲಿಂದೇ ಐತಿ."

ತೊಳೆದುಬಿಡೋಣ ಅಂತ ಅವಳು ಕೊಡ ಹಿಡಿದು ಬಾಗಿಲು ತೆಗೆದಳು. ನೀರಿಗೆ ದೂರ ಹೋಗಬೇಕಾಗಲಿಲ್ಲ.