ಕೋಗಿಲೆಯ ದನಿಯ ಮಗು

ತಿಮ್ಮರಸನೆಂಬ ಶಿಷ್ಯ ಗುರುಗಳ ಮುಂದೆ ಒಂದು ಓಲೆಯನ್ನಿಟ್ಟು ಕೇಳಿದ: “ಗುರುಗಳೇ, ಮುಖ ಚಂದ್ರನಂತಿದೆ ಎಂದರೆ ಉಪಮೆ. ಮುಖವೇ ಚಂದ್ರ ಎಂದರೆ ರೂಪಕ. ಎರಡರಲ್ಲಿ ಯಾವುದು ಮೇಲು?”

ಓಲೆಯಲ್ಲಿ ಅವನು ತನ್ನ ತಾಯಿಯ ಮೇಲೆ ಬರೆದ ಪದ್ಯವಿತ್ತು. ಆಕೆ ತೀರಿಕೊಂಡು ಒಂದು ತಿಂಗಳಾಗಿತ್ತು. ಗುರುಗಳು ಪದ್ಯವನ್ನು ಎರಡು ಸಲ ಓದಿದರು. ಲಕ್ಷಣಗಳೆಲ್ಲ ನಿನಗೆ ಬಾಯಿಪಾಠವಾಗಿವೆ, ಪ್ರಾಸವೂ ಎಲ್ಲೂ ತಪ್ಪಿಲ್ಲ ಎಂದರು. ಶಿಷ್ಯನ ಮುಖ ಅರಳಿತು. ಅಷ್ಟು ಬೇಗ ಹಿಗ್ಗಬೇಡ, ಮೊದಲು ಕತೆ ಕೇಳು ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಕವಿಯಿದ್ದ. ಅವನಿಗೆ ಒಬ್ಬಳೇ ಮಗಳು, ಆರು ವರ್ಷದವಳು. ಹುಟ್ಟಿದಾಗಿನಿಂದ ಅವಳಿಗೆ ಮಾತಿಲ್ಲ. ಮುಖದ ತುಂಬ ಸಿಡುಬಿನ ಕಲೆ. ನಡೆಯುವಾಗ ಬಲಗಾಲನ್ನು ಸ್ವಲ್ಪ ಎಳೆಯುತ್ತಿದ್ದಳು. ಕವಿಗೆ ಅವಳೆಂದರೆ ಪ್ರಾಣ. ಇದನ್ನು ಮರೆಯಬೇಡ. ಪ್ರೀತಿಯಿಲ್ಲದವನ ಕತೆಯಾಗಿದ್ದರೆ ನಾನು ಹೇಳುವ ಗೋಜಿಗೇ ಹೋಗುತ್ತಿರಲಿಲ್ಲ.

ಒಂದು ದಿನ ಸಂತೆಯಲ್ಲಿ ಎತ್ತೊಂದು ಬೆದರಿ ಜನ ದಿಕ್ಕಾಪಾಲಾದರು. ತಾಯಿಯ ಕೈಯಿಂದ ಮಗುವಿನ ಕೈ ತಪ್ಪಿತು. ಎಲ್ಲ ಕಡೆ ಹುಡುಕಿದರೂ ಸಿಗಲಿಲ್ಲ.

ಆ ಸೀಮೆಯಲ್ಲಿ ಒಂದು ಪದ್ಧತಿಯಿತ್ತು. ಯಾರಾದರೂ ಕಳೆದುಹೋದರೆ ಮನೆಯವರು ಅವರ ಗುರುತನ್ನು ಓಲೆಯಲ್ಲಿ ಬರೆದುಕೊಡಬೇಕು. ಡಂಗುರದವನು ಸುತ್ತಲಿನ ಏಳು ಊರುಗಳಿಗೆ ಹೋಗಿ ಅದನ್ನು ಓದಿ ಸಾರಬೇಕು. ಓಲೆಯಲ್ಲಿ ಇದ್ದುದಕ್ಕಿಂತ ಒಂದಕ್ಷರ ಹೆಚ್ಚು ಹೇಳುವಂತಿಲ್ಲ, ಕಡಿಮೆಯೂ ಹೇಳುವಂತಿಲ್ಲ.

ಕವಿ ಅಳುತ್ತಲೇ ಬರೆಯಲು ಕುಳಿತ. ವರ್ಣನೆಯೆಂದರೆ ಮುಡಿಯಿಂದ ಅಡಿಯವರೆಗೆ ಕ್ರಮವಾಗಿ ಬರಬೇಕೆಂದು ಅವನು ಕಲಿತಿದ್ದ, ನೂರಾರು ಜನರಿಗೆ ಕಲಿಸಿಯೂ ಇದ್ದ. ಮುಖದ ಸರದಿ ಬಂದಾಗ ಹುಣ್ಣಿಮೆಯ ಚಂದ್ರ ಎಂದು ಬರೆದ. ದನಿಗೆ ಕೋಗಿಲೆ ಬಂತು, ನಡಿಗೆಗೆ ಹಂಸ ಬಂತು. ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದ.

“ಮಗುವಿಗೆ ಮಾತು ಬರೋದಿಲ್ಲ ಅಂತ ಬರೀರಿ. ಮುಖದಲ್ಲಿ ಕಲೆ ಇದೆ ಅಂತ ಬರೀರಿ” ಎಂದಳು ಅವಳು.

“ಮೂಗಿ, ಕುಂಟಿ ಎಂದು ಏಳು ಊರಿನ ಮುಂದೆ ನನ್ನ ಮಗಳನ್ನು ನಾನೇ ಸಾರಿಸಲೇ? ಆ ಮಾತನ್ನು ನನ್ನ ಕೈಯಿಂದ ಬರೆಯಲು ಆಗದು” ಎಂದ ಕವಿ.

ಅದು ಅಭಿಮಾನವೂ ಹೌದು, ಪ್ರೀತಿಯೂ ಹೌದು. ಎರಡನ್ನೂ ಬೇರೆ ಮಾಡಿ ತೋರಿಸಲು ನನಗೂ ಬರುವುದಿಲ್ಲ. ಡಂಗುರದವನು ಬೇರೆ ಊರಿನವನು, ಮಗುವನ್ನು ಕಂಡವನಲ್ಲ. ಮಚ್ಚೆ, ಗಾಯ ಏನಾದರೂ ಉಂಟೇ ಎಂದು ಕೇಳಿದ. ಎಲ್ಲ ಅದರಲ್ಲೇ ಇದೆ ಎಂದು ಕವಿ ಓಲೆಯನ್ನು ಕೊಟ್ಟ.

ಡಂಗುರ ಏಳು ಊರುಗಳಲ್ಲೂ ಮೊಳಗಿತು. ಜನ ಕೆಲಸ ಬಿಟ್ಟು ಬಂದು ಕೇಳಿದರು. ಎಷ್ಟು ಚೆನ್ನಾಗಿದೆ ಎಂದು ತಲೆದೂಗಿದರು. ಎರಡು ಊರುಗಳಲ್ಲಿ ಇನ್ನೊಂದು ಸಲ ಓದಿಸಿ ಕೇಳಿದರಂತೆ.

ನಾಲ್ಕನೆಯ ಊರಿನ ದಾರಿಯಲ್ಲಿ ಒಬ್ಬ ಮುದುಕಿ ಅರವಟ್ಟಿಗೆ ನಡೆಸುತ್ತಿದ್ದಳು. ದಣಿದು ಬಂದವರಿಗೆ ನೀರು ಕೊಡುವುದು ಅವಳ ಕೆಲಸ. ದಾರಿಯಲ್ಲಿ ಬಿದ್ದಿದ್ದ ಮಗುವೊಂದನ್ನು ಅವಳು ಎತ್ತಿ ತಂದಿದ್ದಳು. ಮಗುವಿಗೆ ಜ್ವರ ಸುಡುತ್ತಿತ್ತು. ಯಾರ ಮಗಳು, ಯಾವ ಊರು ಎಂದು ಎಷ್ಟು ಕೇಳಿದರೂ ಅದು ಬಾಯಿ ಬಿಡಲಿಲ್ಲ. ಹಸಿವಾದಾಗ ಸೆರಗನ್ನು ಎರಡು ಸಲ ಜಗ್ಗುತ್ತಿತ್ತು, ಅಷ್ಟೇ. ಡಂಗುರ ಕೇಳಿದಾಗ ಮುದುಕಿ ಎದ್ದೆನೋ ಬಿದ್ದೆನೋ ಎಂದು ಓಡಿದಳು. ಕೊನೆಯವರೆಗೂ ನಿಂತು ಕೇಳಿದಳು. ಚಂದ್ರನ ಮುಖ, ಕೋಗಿಲೆಯ ದನಿ, ಹಂಸದ ನಡಿಗೆ. ಇದು ಬೇರೆ, ಯಾವುದೋ ದೊಡ್ಡ ಮನೆಯ ಮಗುವಿರಬೇಕು, ಪಾಪ, ನನ್ನಲ್ಲಿರುವ ಮಗುವಿನ ತಾಯಿಯಂತೆ ಅದರ ತಾಯಿಗೂ ಸಂಕಟವಿರಬೇಕು ಎಂದುಕೊಂಡು ಹಿಂತಿರುಗಿದಳು.

ಕಳೆದುಹೋದ ಒಂಬತ್ತನೆಯ ದಿನ ಮಗು ಸತ್ತಿತು. ಮುದುಕಿ ತಾನೇ ಮಣ್ಣು ಮಾಡಿದಳು.

ಇತ್ತ ಕವಿಯ ಹೆಂಡತಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಗಂಡನಿಗೂ ಹೇಳದೆ ಊರೂರು ನಡೆದಳು. ಕಂಡವರಿಗೆಲ್ಲ ಇಷ್ಟೆತ್ತರ ಎಂದು ಕೈಯಲ್ಲಿ ತೋರಿಸಿದಳು. ಮುಖದಲ್ಲಿ ಕಲೆ, ಬಾಯಿಗೆ ಮಾತಿಲ್ಲ, ಬಲಗಾಲು ಎಳೆಯುತ್ತಾಳೆ, ಹಸಿವಾದರೆ ಸೆರಗು ಜಗ್ಗುತ್ತಾಳೆ ಎಂದಳು. ಅರವಟ್ಟಿಗೆಗೆ ಬಂದಾಗಲೂ ಅದನ್ನೇ ಹೇಳಿದಳು. ಮುದುಕಿ ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟಳು. ಅವಳ ಕೈ ಹಿಡಿದು ಹುಣಿಸೆಮರದ ಬುಡಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಮಣ್ಣು ಇನ್ನೂ ಹಸಿಯಾಗಿತ್ತು.

“ಡಂಗುರದವನು ಇದರಲ್ಲಿ ಒಂದು ಮಾತನ್ನೂ ಹೇಳಲಿಲ್ಲವಲ್ಲ ತಾಯಿ” ಎಂದಳು ಮುದುಕಿ.

ಮಗು ಸತ್ತು ಮೂರು ದಿನವಾಗಿತ್ತು. ಹೆಂಡತಿ ಮನೆಗೆ ಬಂದು ಗಂಡನಿಗೆ ನಡೆದದ್ದನ್ನೆಲ್ಲ ಹೇಳಿದಳು. ಬೈಯಲಿಲ್ಲ. ಅವನು ಮತ್ತೆ ಏನನ್ನೂ ಬರೆಯಲಿಲ್ಲ, ಅವಳು ಮತ್ತೆ ಅವನೊಡನೆ ಮಾತಾಡಲಿಲ್ಲ. ಆ ಓಲೆಯನ್ನು ಮಾತ್ರ ಏಳು ಊರಿನ ಪಂಡಿತರು ಪ್ರತಿ ಮಾಡಿಕೊಂಡು ಇಂದಿಗೂ ಪಾಠ ಹೇಳುತ್ತಾರೆ.

ಗುರುಗಳು ಕತೆ ಮುಗಿಸಿದರು. ಶಿಷ್ಯ ಕಣ್ಣೊರೆಸಿಕೊಂಡು, ಹಾಗಾದರೆ ಅಲಂಕಾರ ತಪ್ಪೇ ಎಂದು ಮೆಲ್ಲಗೆ ಕೇಳಿದ. ಗುರುಗಳು ಅವನ ಓಲೆಯನ್ನು ಅವನ ಕೈಗೇ ಹಿಂತಿರುಗಿಸಿದರು.

“ನಿನ್ನ ತಾಯಿಯನ್ನು ನಾನು ನೋಡಿಲ್ಲ; ಈ ಓಲೆ ಹಿಡಿದು ಹುಡುಕಿದರೆ ನನಗೆ ಸಿಗುತ್ತಾರೆಯೇ?”